ಈರುಳ್ಳಿ ಏಕದಳ (ಬೀಜದಲ್ಲಿ ಒಂದೇ ದಳ ಇರುವ ಗಿಡ) ತಾನೇ? ಮತ್ತೆ ಪತ್ರರಂಧ್ರ (ಎಲೆ ಗಾಳಿಯಾಡುವ ಸಣ್ಣ ತೂತು) ಯಾಕೆ ಹೀಗಿದೆ?

ಶ್ರೀನಿವಾಸಪುರ_ಪಿಯು
ಎಲೆಗಳಿಗೆ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪ್ ಅಂಟಿಸಿ ಆ ಪದರ ಕಿತ್ತು, ಲ್ಯಾಬಿನ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ರಾಗಿ ಎಲೆಯಲ್ಲಿ ರಂಧ್ರಗಳು ಸಾಲಾಗಿವೆ, ಎರಡೂ ಬದಿ ಇವೆ, ರಂಧ್ರದ ಅಕ್ಕಪಕ್ಕ ಇದ್ದು ಅದನ್ನು ತೆರೆದು ಮುಚ್ಚುವ ಕಾವಲು ಕೋಶ ಡಂಬೆಲ್ ಥರ. ನಮ್ಮ ತೋಟದ ಮಾವಿನ ಎಲೆಯಲ್ಲಿ ಮೇಲೆ ಒಂದೂ ಇಲ್ಲ, ಕೆಳಗಡೆ ಮಾತ್ರ ಚೆಲ್ಲಾಪಿಲ್ಲಿಯಾಗಿವೆ. ಇಲ್ಲಿವರೆಗೆ ಸರಿ. ಆದರೆ ಈರುಳ್ಳಿ ಎಲೆಯಲ್ಲೂ ಕಾವಲು ಕೋಶ ಮಾವಿನದರ ಹಾಗೆ ಅಲಸಂದೆ ಕಾಳಿನ ಥರಾನೇ ಇದೆ! ಗೈಡ್‌ನಲ್ಲಿ ಏಕದಳ ಅಂದರೆ ಡಂಬೆಲ್ ಅಂತಿದೆ. ಸ್ಲೈಡ್ ಅದಲುಬದಲಾಯ್ತಾ?

ಹಳೇ_ಬಾಟನಿ_ಮೇಷ್ಟ್ರು
ಸ್ಲೈಡ್ ಸರಿಯಾಗೇ ಇದೆ ಕಣಪ್ಪ, ಗೈಡ್ ತಪ್ಪು. ಡಂಬೆಲ್ ಆಕಾರ ಹುಲ್ಲಿನ ಕುಟುಂಬದ್ದು. ರಾಗಿ, ಭತ್ತ, ಜೋಳ, ಕಬ್ಬು ಎಲ್ಲ ಅದರೊಳಗೇ ಬರುತ್ತವೆ. ಜೇಕಿನಂಥ ಹತ್ತಿರದ ನಂಟರಲ್ಲೂ ಇದೆ. ಈರುಳ್ಳಿ, ಬಾಳೆ, ತೆಂಗು ಏಕದಳವೇ, ಆದರೆ ಅವುಗಳದ್ದು ಎರಡು ಅಲಸಂದೆ ಕಾಳು ಎದುರುಬದುರು ಇಟ್ಟ ಹಾಗೆ. ನಿನ್ನ ಪಠ್ಯದಲ್ಲೂ ‘ಹುಲ್ಲುಗಳಲ್ಲಿ’ ಅಂತಲೇ ಇದೆ, ಗೈಡ್ ಬರೆದವರು ಅದನ್ನು ಏಕದಳ ಮಾಡಿಬಿಟ್ಟಿದ್ದಾರೆ.

ಆಕಾರ ಬೇರೆಯಾದ ಮೇಲೆ ಕೆಲಸ ಮಾಡುವ ರೀತಿಯೂ ಬೇರೆ. ಕಾಳಿನ ಥರದ್ದರಲ್ಲಿ ಒಳಗೋಡೆ ದಪ್ಪ, ಹೊರಗೋಡೆ ತೆಳು, ನೀರು ತುಂಬಿದರೆ ಕೋಶ ಬಿಲ್ಲಿನಂತೆ ಬಾಗಿ ನಡುವೆ ಬಾಯಿ ತೆರೆಯುತ್ತದೆ. ಹುಲ್ಲಿನಲ್ಲಿ ಎರಡು ತುದಿಯ ಗುಂಡು ಭಾಗ ಮಾತ್ರ ಉಬ್ಬುತ್ತದೆ, ನಡುವಿನ ನೆಟ್ಟಗಿನ ಭಾಗ ಬಾಗದೆ ಪಕ್ಕಕ್ಕೆ ಸರಿಯುತ್ತದೆ. ಸ್ವಲ್ಪ ಉಬ್ಬಿದರೂ ಸಾಕು, ಪಕ್ಕದ ಸಹಾಯಕ ಕೋಶಗಳು ಬೇರೆ ನೀರನ್ನು ಎಳೆಯುವ ಪೊಟ್ಯಾಸಿಯಂ ಕೊಟ್ಟು ತೆಗೆದುಕೊಂಡು ಮಾಡುತ್ತವೆ, ಅದಕ್ಕೇ ಬೇಗ ತೆರೆದು ಬೇಗ ಮುಚ್ಚುತ್ತದೆ. ಮೋಡ ಬಂದು ಹೋಗುವ ಹೊಲದಲ್ಲಿ ಇದು ಸಣ್ಣ ಲಾಭ ಅಲ್ಲ.

ಟೊಮೊಟೊ_ಕೋಲಾರ
ನಾವು ಔಷಧಿ ಹೊಡೆಯುವವರು, ನಮಗೂ ಒಂದು ಡೌಟು ಸರ್. ಮಾವಿನಂಥ ದ್ವಿದಳ (ಬೀಜದಲ್ಲಿ ಎರಡು ದಳ) ಅಂದ್ರೆ ಎಲೆಯ ಕೆಳಗೆ ಮಾತ್ರ ರಂಧ್ರ ಇರೋದಾ? ಟೊಮೊಟೊ?

ಹಳೇ_ಬಾಟನಿ_ಮೇಷ್ಟ್ರು
ಇಲ್ಲ. ಟೊಮೊಟೊದಲ್ಲಿ ಎರಡೂ ಕಡೆ ಇವೆ, ಕೆಳಗೆ ಜಾಸ್ತಿ. ಸೂರ್ಯಕಾಂತಿಯಲ್ಲೂ ಎರಡೂ ಕಡೆ. ಏಕದಳದ ತೆಂಗಿನಲ್ಲಿ ನೋಡಿದರೆ ಕೆಳಗಡೆ ಮಾತ್ರ. ನೀರಿನ ಮೇಲೆ ಎಲೆ ತೇಲಿಸುವ ನೈದಿಲೆಯಲ್ಲಿ ಮೇಲ್ಗಡೆ ಮಾತ್ರ, ಕೆಳಗಿದ್ದು ಏನು ಮಾಡುತ್ತೆ ಹೇಳಿ!

ಶ್ರೀನಿವಾಸಪುರ_ಪಿಯು
ಥ್ಯಾಂಕ್ಸ್ ಸರ್. ನಾಳೆ ತೆಂಗು ನೋಡ್ತೀನಿ. ಅಕ್ಕನ ನೇಲ್ ಪಾಲಿಶ್ ಖಾಲಿ ಮಾಡಿ ಬೈಸಿಕೊಂಡೆ, ಫೆವಿಕಾಲ್ ನಡೆಯುತ್ತಾ?

ಹಳೇ_ಬಾಟನಿ_ಮೇಷ್ಟ್ರು
ನಡೆಯುತ್ತೆ. ತೆಳ್ಳಗೆ ಹಚ್ಚು, ಪೂರ್ತಿ ಒಣಗೋವರೆಗೆ ಮುಟ್ಟಬೇಡ.