ಸೊಂಟದ ಹೊರಬದಿಯ ನೋವು: ಆನ್‌ಲೈನ್ ಗುಂಪಿನಲ್ಲಿ ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಹಾಸನದ ಶಿಕ್ಷಕಿ: ಮೇಡಂ, ನನಗೆ 51 ವರ್ಷ. ಏಳು ತಿಂಗಳಿಂದ ಎಡ ಸೊಂಟದ ಹೊರಬದಿ ನೋಯುತ್ತಿದೆ. ಆ ಮಗ್ಗುಲಿಗೆ ಮಲಗಲಾಗುವುದಿಲ್ಲ, ಮೆಟ್ಟಿಲು ಹತ್ತಲಾಗುವುದಿಲ್ಲ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ.

ಫಿಸಿಯೋಥೆರಪಿಸ್ಟ್: ತೊಡೆಮೂಳೆಯ ಮೇಲ್ತುದಿಯ ಉಬ್ಬಿನ ಮೇಲೆ ಒತ್ತಿದಾಗ ನೋವಾದರೆ, ಅಲ್ಲಿಗೆ ಅಂಟಿಕೊಂಡಿರುವ ಪಿರ್ರೆಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ಬಳಲಿರುವ ಸಾಧ್ಯತೆ ಹೆಚ್ಚು. ಪಾಠ ಮಾಡುವಾಗ ಒಂದೇ ಕಾಲಿಗೆ ಭಾರ ಬಿಟ್ಟು ನಿಲ್ಲಬೇಡಿ, ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ನೋವಿಲ್ಲದ ಮಗ್ಗುಲಿಗೆ ತಿರುಗಿ, ಮಂಡಿಗಳ ನಡುವೆ ದಿಂಬಿಟ್ಟು ಮಲಗಿ. ಸ್ನಾಯುವಿಗೆ ನಿಧಾನವಾಗಿ ಬಲ ತುಂಬುವ ವ್ಯಾಯಾಮವನ್ನು ಯಾರಾದರೂ ಎದುರಿಗೆ ನಿಂತು ಕಲಿಸಬೇಕು. ಆಸ್ಟ್ರೇಲಿಯಾದಲ್ಲಿ 204 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ತಿಳಿವಳಿಕೆ ಮತ್ತು ವ್ಯಾಯಾಮ ಪಡೆದವರಲ್ಲಿ ಎಂಟು ವಾರಕ್ಕೆ ಶೇ. 77 ಮಂದಿ ಸುಧಾರಿಸಿದರೆ, ಸ್ಟಿರಾಯ್ಡ್ ಇಂಜೆಕ್ಷನ್ ಪಡೆದವರಲ್ಲಿ ಶೇ. 58 ಮಂದಿ ಸುಧಾರಿಸಿದರು.

ಮೈಸೂರಿನ ಸದಸ್ಯರು: ರಾತ್ರಿ ಯಾವ ಮಗ್ಗುಲಿಗೆ ಮಲಗಬೇಕು?

ಫಿಸಿಯೋಥೆರಪಿಸ್ಟ್: ಮೇಲೆ ಬರೆದಿದ್ದೇನೆ.

ತುಮಕೂರಿನ ಸದಸ್ಯರು: ಎಕ್ಕದ ಎಲೆಯನ್ನು ಬಿಸಿ ಮಾಡಿ 21 ದಿನ ಕಟ್ಟಿದರೆ ಸಾಕೆಂದು ಸಂದೇಶ ಬಂದಿದೆ, ಎಲ್ಲರಿಗೂ ಕಳುಹಿಸಿ.

ಫಿಸಿಯೋಥೆರಪಿಸ್ಟ್: ಕಳುಹಿಸಬೇಡಿ. ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಾಗಿದರೆ ಅಪಾಯ.

ಶಿವಮೊಗ್ಗದ ಸದಸ್ಯರು: ನಮ್ಮಜ್ಜಿಗೆ ಅದರಿಂದಲೇ ವಾಸಿಯಾಯಿತು.

ಧಾರವಾಡದ ಸದಸ್ಯರು: ನಿಮ್ಮಜ್ಜಿಗೆ ಇದ್ದದ್ದು ಯಾವ ನೋವೆಂದು ಯಾರು ನೋಡಿದ್ದರು?

ಮಂಡ್ಯದ ಸದಸ್ಯೆ: ಮೇಡಂ, ನಮ್ಮಮ್ಮನಿಗೆ 72 ವರ್ಷ. ಐದು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಸಂದಿನಲ್ಲೂ ನೋವಿದೆ, ಗೋಡೆ ಹಿಡಿದು ನಡೆಯುತ್ತಾರೆ. ಎಲೆ ಕಟ್ಟಬಹುದೇ?

ಫಿಸಿಯೋಥೆರಪಿಸ್ಟ್: ಕಟ್ಟಬೇಡಿ, ತಿಕ್ಕಬೇಡಿ, ಅಮ್ಮನನ್ನು ಇನ್ನು ನಡೆಸಲೂಬೇಡಿ. ಇದು ಮೇಲಿನವರ ನೋವಿನಂಥದ್ದೆಂದು ತಿಳಿಯಬೇಡಿ. ತೊಡೆಮೂಳೆಯ ಕುತ್ತಿಗೆ (ಸೊಂಟದ ಕೀಲಿನ ಬಳಿಯ ಸಪೂರ ಭಾಗ) ಮುರಿದರೂ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಕೆಲವರು ಕುಂಟುತ್ತ ಓಡಾಡುತ್ತಾರೆ, ಆದ್ದರಿಂದ ಮನೆಯವರು ಉಳುಕೆಂದುಕೊಳ್ಳುತ್ತಾರೆ. ಆ ತುಂಡುಗಳು ಜರುಗಿದರೆ ಮೂಳೆಯ ತಲೆಗೆ ಹೋಗುವ ರಕ್ತ ನಿಂತು ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬೇಕಿದ್ದದ್ದು ಕೀಲು ಬದಲಿಸುವವರೆಗೆ ಹೋಗಬಹುದು. ಇವತ್ತೇ ಆಸ್ಪತ್ರೆಗೆ ಮಲಗಿಸಿಕೊಂಡು ಹೋಗಿ. ಎಕ್ಸ್-ರೇ ಸರಿಯಿದ್ದೂ ಕಾಲೂರಿದಾಗ ನೋವು ಬಂದರೆ, ಎಂಆರ್‌ಐ ಬೇಕೇ ಎಂದು ನೀವೇ ಕೇಳಿ.

ಶಿವಮೊಗ್ಗದ ಸದಸ್ಯರು: ಎಲ್ಲದಕ್ಕೂ ಸ್ಕ್ಯಾನ್ ಎಂದು ಹೆದರಿಸುವುದು ಸರಿಯಲ್ಲ.

ಧಾರವಾಡದ ಸದಸ್ಯರು: ಬಿದ್ದವರು ನಿಮ್ಮ ತಾಯಿಯಾಗಿದ್ದರೆ ಹೀಗೆ ಬರೆಯುತ್ತಿದ್ದಿರಾ?

ಬೀದರಿನ ಸದಸ್ಯರು: ಸಕ್ಕರೆ ಕಾಯಿಲೆಯಿದ್ದವರು ಆ ಇಂಜೆಕ್ಷನ್ ತೆಗೆದುಕೊಳ್ಳಬಹುದೇ?

ಫಿಸಿಯೋಥೆರಪಿಸ್ಟ್: ಇಬ್ಬರೂ ಜಗಳ ನಿಲ್ಲಿಸಿ. ಮಂಡ್ಯದವರೇ, ಹೊರಟಿರಾ?

ಮಂಡ್ಯದ ಸದಸ್ಯೆ: ಆಂಬುಲೆನ್ಸ್ ಬಾಗಿಲಿಗೆ ಬಂದಿದೆ, ಮೇಡಂ.

ಮೈಸೂರಿನ ಸದಸ್ಯರು: ದಿಂಬು ಎಷ್ಟು ದಪ್ಪವಿರಬೇಕು?