ಪದ ಬೇಕು: ಕಾಡುಪಾಪದ ಫಲಕಕ್ಕೆ ‘ನಿಶಾಚರಿ’ ಸರಿಯೇ?

ಬಲ್ಲವರಿಗೆ ನಮಸ್ಕಾರ. ಪಶ್ಚಿಮಘಟ್ಟದ ಮಳೆಕಾಡಿನ ದಾರಿಯೊಂದರಲ್ಲಿ ನಿಲ್ಲಿಸುವ ಫಲಕಕ್ಕೆ ಕಾಡುಪಾಪದ (ಇಂಗ್ಲಿಷಿನ ಸ್ಲೆಂಡರ್ ಲೋರಿಸ್) ಬಗ್ಗೆ ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಕೊಡಬೇಕು. ಮೊದಲ ಸಾಲು: “ಕಾಡುಪಾಪ ವೃಕ್ಷವಾಸಿ, ನಿಶಾಚರಿ.” ನಿಶಾಚರಿ ಎಂದೊಡನೆ ಓದುವವರಿಗೆ ನೆನಪಾಗುವುದು ರಕ್ಕಸರು. ಮಾಟಮಂತ್ರದ ಹೆಸರಲ್ಲಿ ಈ ಬಡಪ್ರಾಣಿ ಪಟ್ಟಿರುವ ಹಿಂಸೆ ಸಾಲದೆ? ಬೇರೆ ಪದ ತಿಳಿಸಿ.

ಉತ್ತರ 1
ನಿಶಾಚರ ಎಂದರೆ ರಾತ್ರಿ ಚರಿಸುವುದು, ಅಷ್ಟೇ. ಗೂಬೆ, ನರಿಗೂ ಸಂಸ್ಕೃತದಲ್ಲಿ ಆ ಹೆಸರಿದೆ. ಬೇಡವಾದರೆ ‘ರಾತ್ರಿಂಚರ’ ಹಾಕಿ.

ಉತ್ತರ 2
ರಾತ್ರಿಂಚರನೂ ರಕ್ಕಸನೇ. ‘ಇರುಳಾಡಿ’ ಎನ್ನಿ, ಕಾಡಾಡಿ ಇದ್ದ ಹಾಗೆ. ವೃಕ್ಷವಾಸಿಯೂ ಬೇಡ, ‘ಮರವಾಸಿ’ ಸಾಕು.

ಉತ್ತರ 1
ಮರವಾಸಿ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಸಲ್ಲದ ಸಮಾಸ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ವಿನಾಯಿತಿ ಕೊಟ್ಟದ್ದು ಬಿರುದಾವಳಿಗೆ, ಪೂರ್ವಕವಿಗಳ ಪ್ರಯೋಗಕ್ಕೆ. ಫಲಕಕ್ಕಲ್ಲ.

ಉತ್ತರ 2
ಹಾಗಾದರೆ ಕಾಡುಪಾಪವೂ ಅರಿಸಮಾಸವೇ? ಹೊಸ ಪದ ಬೇಕಾದಾಗಲೆಲ್ಲ ಸಂಸ್ಕೃತದ ಬಾಗಿಲು ತಟ್ಟುವ ಚಾಳಿ ಮೊದಲು ಬಿಡಬೇಕು. ಸಸ್ತನಿ, ಉಭಯಚರ ಎಂದು ಮಕ್ಕಳು ಅರ್ಥ ತಿಳಿಯದೆ ಉರುಹೊಡೆಯುತ್ತಿದ್ದಾರೆ.

ಉತ್ತರ 1
‘ಮೊಲೆಯೂಡಿ’ ಎಂದು ಬದಲಿಸಿದ್ದರಿಂದ ಯಾವ ಮಗುವಿಗೆ ಪ್ರಾಣಿಶಾಸ್ತ್ರ ಸುಲಭವಾಯಿತು, ಹೇಳಿ.

ಉತ್ತರ 3
ಕಾಡುಪಾಪದ ‘ಪಾಪ’ ಪುಣ್ಯದ ಎದುರಿನದಲ್ಲ. ಪಾಪು, ಪಾಪಚ್ಚಿ ಎನ್ನುತ್ತೇವಲ್ಲ, ಆ ಎಳೆಮಗು. ಕಣ್ಣುಪಾಪೆಯೂ ಅದೇ ಬಳಗದ್ದು. ಹಾಗಾಗಿ ಅರಿಸಮಾಸದ ಮಾತೇ ಇಲ್ಲ. ಫಲಕದಲ್ಲಿ ಮೊದಲು ಇದನ್ನು ಬರೆಯಿರಿ. ಆ ಹೆಸರನ್ನು ಪಾಪಕರ್ಮದ ಪಾಪವೆಂದೇ ತಿಳಿದವರನ್ನು ಕಂಡಿದ್ದೇನೆ.

ನಾನು ರಾತ್ರಿ ಇವುಗಳನ್ನು ಎಣಿಸಲು ಹೋಗುವವನು. ಟಾರ್ಚಿಗೆ ಕೆಂಪು ಹಾಳೆ ಸುತ್ತಿ ಬಳ್ಳಿಗಳ ಮೇಲೆ ಬೆಳಕು ಬಿಟ್ಟರೆ ಮೊದಲು ಕಾಣುವುದು ಎರಡು ಕೆಂಡ. ಕಣ್ಣಿನ ಹಿಂಪದರ ಬೆಳಕನ್ನು ತಿರುಗಿಸಿ ಕಳಿಸುತ್ತದೆ. ಆಮೇಲೆ ಕಡ್ಡಿಯಂಥ ಕೈಕಾಲು. ಮುಂದಿನ ಕೊಂಬೆಯನ್ನು ಬಿಗಿಯಾಗಿ ಹಿಡಿದ ಮೇಲೆಯೇ ಹಿಂದಿನದನ್ನು ಬಿಡುತ್ತದೆ. ಬಾಲವಿಲ್ಲ, ಜಿಗಿತವಿಲ್ಲ. ಮುನ್ನೂರು ಗ್ರಾಂ ತೂಗಿದರೆ ಹೆಚ್ಚು. ಒಮ್ಮೆ ಒಂದು ಕಾಡುಪಾಪ ಹಿಂಗಾಲುಗಳಲ್ಲಿ ತೂಗಿಕೊಂಡು, ಎರಡೂ ಕೈ ಚಾಚಿ ಜೀರುಂಡೆಯನ್ನು ಬಾಚಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಇದಕ್ಕೆ ಇರುಳಾಡಿಯೂ ಬೇಡ, ನಿಶಾಚರಿಯೂ ಬೇಡ. ನಾಮಪದಕ್ಕೆ ಜೋತುಬೀಳುವುದೇಕೆ? ಕ್ರಿಯಾಪದದಲ್ಲಿ ಹೇಳಿ.

ಕೇಳಿದವರು
ಉಪಕಾರವಾಯಿತು. ಹೀಗೆ ತಿದ್ದಿದ್ದೇನೆ: “ಕಾಡುಪಾಪ ಎಂದರೆ ಕಾಡಿನ ಮಗು. ಮರದ ಮೇಲೆಯೇ ಬಾಳುತ್ತದೆ. ಹಗಲೆಲ್ಲ ದಟ್ಟ ಎಲೆಗಳ ಮರೆಯಲ್ಲಿ ಮುದುಡಿ ಮಲಗಿ, ಕತ್ತಲಾದ ಮೇಲೆ ಹುಳುಹುಪ್ಪಟೆ ಹಿಡಿಯಲು ಹೊರಡುತ್ತದೆ. ಟಾರ್ಚ್ ಬಿಟ್ಟು ಕಣ್ಣು ಕುಕ್ಕಿಸಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಇದನ್ನು ಹಿಡಿಯುವುದು ಅಪರಾಧ.”

ಉತ್ತರ 2
ಚೆನ್ನಾಗಿದೆ. ಆದರೆ ಪದ ಬೇಕೆಂದು ಕೇಳಿ ವಾಕ್ಯ ಒಯ್ದಿರಿ. ಮುಂದಿನ ಫಲಕ ಹಾರುವ ಅಳಿಲಿನದ್ದಾದರೆ ಮತ್ತೆ ಇದೇ ಪದ ಬೇಕಾಗುತ್ತದೆ. ಇರುಳಾಡಿಯನ್ನು ಬರೆದಿಟ್ಟುಕೊಳ್ಳಿ.