ಹಳೆಯ ಎಸ್‌ಎಂಪಿಎಸ್ ಹೊಸ ಗ್ರಾಫಿಕ್ಸ್ ಕಾರ್ಡನ್ನು ತಾಳಿಕೊಳ್ಳುವುದೇ?

ಪ್ರಶ್ನೆ

ನನ್ನ ಕಂಪ್ಯೂಟರಿನಲ್ಲಿ ರೈಜೆನ್ 5 5600 ಪ್ರೊಸೆಸರ್ ಇದೆ. ಈಗಿರುವ ಸಣ್ಣ ಗ್ರಾಫಿಕ್ಸ್ ಕಾರ್ಡನ್ನು ತೆಗೆದು ಆರ್‌ಟಿಎಕ್ಸ್ 3060 ಹಾಕಬೇಕೆಂದಿದ್ದೇನೆ. ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆಲ್ಲ ವಿದ್ಯುತ್ ಒದಗಿಸುವ ಘಟಕ) 450 ವ್ಯಾಟಿನದು, ಏಳು ವರ್ಷ ಹಳೆಯದು. ಅದರ ಮೇಲಿನ ಲೇಬಲ್ಲಿನಲ್ಲಿ 12 ವೋಲ್ಟಿನ ಎರಡು ಸಾಲುಗಳಿಗೆ ತಲಾ 18 ಆಂಪಿಯರ್ ಎಂದೂ, ಎರಡೂ ಸೇರಿ 336 ವ್ಯಾಟ್ ಎಂದೂ ಬರೆದಿದೆ. ಕಾರ್ಡಿಗೆಂದು ಇರುವುದು ಆರು ಪಿನ್ನಿನ ಒಂದೇ ಕನೆಕ್ಟರ್. ಕಾರ್ಡಿನ ತಯಾರಕರು 550 ವ್ಯಾಟ್ ಬೇಕೆನ್ನುತ್ತಾರೆ. ನಾನೇ ಕೂಡಿಸಿ ನೋಡಿದರೆ 300 ವ್ಯಾಟ್ ಕೂಡ ದಾಟುವುದಿಲ್ಲ. ಯಾವುದನ್ನು ನಂಬಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಲೇಬಲ್ಲಿನ ವಿವರವನ್ನು ಮೊದಲೇ ಕೊಟ್ಟದ್ದು ಒಳ್ಳೆಯದಾಯಿತು. ಅದನ್ನು ಓದಬಲ್ಲ ಸಾಫ್ಟ್‌ವೇರ್ ಸಾಮಾನ್ಯವಾಗಿ ಇರುವುದಿಲ್ಲ, ಕ್ಯಾಬಿನೆಟ್ ಬಿಚ್ಚಿ ಕಣ್ಣಿನಿಂದಲೇ ನೋಡಬೇಕು.

450 ಎಂಬ ದೊಡ್ಡ ಅಂಕಿಯನ್ನು ಸದ್ಯಕ್ಕೆ ಬದಿಗಿಡಿ. ಗ್ರಾಫಿಕ್ಸ್ ಕಾರ್ಡೂ ಪ್ರೊಸೆಸರೂ ತಮಗೆ ಬೇಕಾದ ವಿದ್ಯುತ್ತನ್ನು ಬಹುಮಟ್ಟಿಗೆ 12 ವೋಲ್ಟಿನ ಸಾಲಿನಿಂದಲೇ ಪಡೆಯುವುದರಿಂದ, ನಿಮ್ಮ ಕೈಗೆ ನಿಜವಾಗಿ ಸಿಗುವುದು 336 ವ್ಯಾಟ್. ತಲಾ 18 ಆಂಪಿಯರ್ ಇರುವಾಗ 36ನ್ನು 12ರಿಂದ ಗುಣಿಸಿ 432 ಎನ್ನಬಹುದಲ್ಲವೇ ಎಂದು ಅನೇಕರು ಕೇಳುತ್ತಾರೆ. ಹಾಗೆ ಗುಣಿಸುವಂತಿಲ್ಲ, ಏಕೆಂದರೆ ಒಂದೊಂದು ಸಾಲಿನ ಮಿತಿ ಬೇರೆ, ಎರಡೂ ಒಟ್ಟಿಗೆ ಕೊಡಬಲ್ಲ ಮಿತಿ ಬೇರೆ. ಉಳಿದ ಸಾಮರ್ಥ್ಯವೆಲ್ಲ 3.3 ಮತ್ತು 5 ವೋಲ್ಟಿನ ಸಾಲುಗಳಿಗೆ ಹಂಚಿಹೋಗಿದ್ದು, ಗ್ರಾಫಿಕ್ಸ್ ಕಾರ್ಡಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಈಗ ಖರ್ಚಿನ ಕಡೆ ನೋಡೋಣ. ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್. ರೈಜೆನ್ 5 5600ರ ಪೆಟ್ಟಿಗೆಯ ಮೇಲೆ 65 ಎಂದಿದ್ದರೂ ಪೂರ್ಣ ವೇಗದಲ್ಲಿ ಅದರ ಮಿತಿ 76 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನುಗಳಿಗೆ ಧಾರಾಳವಾಗಿ 50 ಹಿಡಿದರೂ ಒಟ್ಟು 296. ಆದ್ದರಿಂದ ನಿಮ್ಮ ಲೆಕ್ಕ ತಪ್ಪಲ್ಲ, 336ರೊಳಗೆ ಹಿಡಿಸುತ್ತದೆ.

ತೊಡಕಿರುವುದು ಕನೆಕ್ಟರಿನಲ್ಲಿ. ಮದರ್‌ಬೋರ್ಡಿನ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ, ಆರು ಪಿನ್ನಿನ ಕನೆಕ್ಟರ್ ಇನ್ನೊಂದು 75; ಎರಡೂ ಸೇರಿ 150, ಕಾರ್ಡು ಕೇಳುವುದು 170. ಹಾಗಾಗಿಯೇ ಈ ಕಾರ್ಡುಗಳಲ್ಲಿ ಸಾಮಾನ್ಯವಾಗಿ 150 ವ್ಯಾಟಿನ ಎಂಟು ಪಿನ್ನಿನ ಸಾಕೆಟ್ ಇರುತ್ತದೆ. ಆರನ್ನು ಎಂಟಾಗಿಸುವ ಕನ್ವರ್ಟರ್ ಸಿಗುತ್ತದೆ ನಿಜ, ಆದರೆ ಅದರಿಂದ ವಿದ್ಯುತ್ತೇನೂ ಹೆಚ್ಚುವುದಿಲ್ಲ. ಎಂಟು ಪಿನ್ನು ಸಿಕ್ಕಿತೆಂದು ಕಾರ್ಡು ಭಾವಿಸಿಕೊಂಡು ಎಳೆಯತೊಡಗುತ್ತದೆ, ಅಷ್ಟೇ. ಡಿಸ್ಕಿಗೆ ಹೋಗುವ ಸಾಟಾ ಕೇಬಲ್ಲಿನಿಂದ ಎಂಟು ಪಿನ್ನು ಮಾಡುವ ಕನ್ವರ್ಟರನ್ನಂತೂ ಮುಟ್ಟಲೇಬೇಡಿ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿನ ಪಿನ್ನುಗಳು ಮೂರು, ಪ್ರತಿಯೊಂದಕ್ಕೆ 1.5 ಆಂಪಿಯರ್, ಒಟ್ಟು 54 ವ್ಯಾಟ್. ಅದರಿಂದ 150 ವ್ಯಾಟ್ ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ. ಎಸ್‌ಎಂಪಿಎಸ್ ಬದಲಿಸಿಯೇ ಕಾರ್ಡು ಹಾಕಿ ಎಂಬುದು ನನ್ನ ಸಲಹೆ.

ಎರಡನೆಯ ಉತ್ತರ

ಮೇಲಿನವರ ತೀರ್ಮಾನಕ್ಕೆ ನನ್ನ ತಕರಾರಿಲ್ಲ. ಆದರೆ ಇದನ್ನು ಓದಿದವರು 450 ವ್ಯಾಟ್ ಎಂದರೆ ಸಾಲದೆಂದು ತಿಳಿಯಬಾರದು. ನನ್ನಲ್ಲಿಯೂ 450 ವ್ಯಾಟಿನದೇ ಇದೆ, ಆದರೆ ಅದರ 12 ವೋಲ್ಟಿನ ಸಾಲು ಒಂದೇ ಆಗಿದ್ದು 37 ಆಂಪಿಯರ್, ಅಂದರೆ 444 ವ್ಯಾಟ್ ಕೊಡುತ್ತದೆ. ಇದೇ ಕಾರ್ಡು ಅದರಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ. ತಯಾರಕರ 550 ಎಂಬ ಸೂಚನೆಯಲ್ಲಿ ಹೆಚ್ಚು ವಿದ್ಯುತ್ ಬೇಡುವ ಪ್ರೊಸೆಸರಿಗೂ, ಗುಣಮಟ್ಟ ಗೊತ್ತಿಲ್ಲದ ಎಸ್‌ಎಂಪಿಎಸ್‌ಗೂ ಜಾಗ ಬಿಟ್ಟಿರುತ್ತಾರೆ. ಬದಲಿಸುವ ಮನಸ್ಸೇ ಇಲ್ಲದಿದ್ದರೆ ಜಿಟಿಎಕ್ಸ್ 1650ರಂತಹ 75 ವ್ಯಾಟಿನ ಕಾರ್ಡನ್ನು ನೋಡಬಹುದು. ಅದರ ಹಲವು ಮಾದರಿಗಳಿಗೆ ಪ್ರತ್ಯೇಕ ಕನೆಕ್ಟರೇ ಬೇಡ. 3060ಕ್ಕೆ ಹೋಲಿಸಿದರೆ ಆಟಗಳಲ್ಲಿ ವೇಗ ಸಾಕಷ್ಟು ಕಡಿಮೆ ಎಂಬುದು ತಿಳಿದಿರಲಿ.

ಮೂರನೆಯ ಉತ್ತರ

ಇಬ್ಬರೂ ಸರಾಸರಿ ಬಳಕೆಯನ್ನಷ್ಟೇ ಹೇಳಿದ್ದಾರೆ. ಗ್ರಾಫಿಕ್ಸ್ ಕಾರ್ಡು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು ತನ್ನ ಘೋಷಿತ ಮಿತಿಯನ್ನು ಮೀರಿ ಎಳೆಯುತ್ತದೆ, ಮತ್ತು ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ಆಫ್ ಆಗುವುದು ಬಹಳ ಸಲ ಆ ಕ್ಷಣದಲ್ಲಿಯೇ. 2022ರಲ್ಲಿ ಬಂದ, ಎಸ್‌ಎಂಪಿಎಸ್ ವಿನ್ಯಾಸಕ್ಕೆ ಸಂಬಂಧಿಸಿದ ಎಟಿಎಕ್ಸ್ 3.0 ನಿಯಮವು, 450 ವ್ಯಾಟ್ ಮೀರಿದ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಎರಡರಷ್ಟನ್ನು 100 ಮೈಕ್ರೊಸೆಕೆಂಡ್ ತಡೆದುಕೊಳ್ಳಬೇಕೆಂದು ಹೇಳಿದ್ದು ಇದಕ್ಕಾಗಿಯೇ. ಏಳು ವರ್ಷ ದುಡಿದು ಕೆಪಾಸಿಟರುಗಳು ಸೊರಗಿರುವ ಹಳೆಯ ಘಟಕದಿಂದ ಅದನ್ನು ನಿರೀಕ್ಷಿಸಬಾರದು.

ಹೊಸದನ್ನು ಹಾಕಿದ ಮೇಲೆಯೂ ಪರೀಕ್ಷಿಸಿ. ಓಸಿಸಿಟಿ ತಂತ್ರಾಂಶದಲ್ಲಿರುವ ಪವರ್ ಪರೀಕ್ಷೆ ಪ್ರೊಸೆಸರಿಗೂ ಕಾರ್ಡಿಗೂ ಏಕಕಾಲದಲ್ಲಿ ಪೂರ್ತಿ ಕೆಲಸ ಕೊಡುತ್ತದೆ. ಅದು ನಡೆಯುತ್ತಿರುವಾಗ ಬಿಡುವಿರುವ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗಳ ಪಿನ್ನಿಗೆ ಮಲ್ಟಿಮೀಟರ್ ಹಿಡಿದರೆ, ಓದು 11.4 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ನೀಲಿ ಪರದೆಯಾಗಲಿ ದೋಷಸಂದೇಶವಾಗಲಿ ಇಲ್ಲದೆ ಯಂತ್ರ ಥಟ್ಟನೆ ಆರಿದರೆ, ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಇರುತ್ತದೆ. ಅದು ಎಸ್‌ಎಂಪಿಎಸ್‌ನದೇ ದೋಷವೆಂದು ಸಾಬೀತು ಮಾಡುವುದಿಲ್ಲ, ವಿದ್ಯುತ್ ಕಡಿತಗೊಂಡರೂ ಅದೇ ದಾಖಲೆ ಬರುತ್ತದೆ. ಆದರೆ ಭಾರ ಬಿದ್ದಾಗ ಮಾತ್ರ ಹೀಗಾಗುತ್ತಿದ್ದರೆ ಅನುಮಾನ ಮೊದಲು ಅದರ ಮೇಲೆಯೇ ಹೋಗಬೇಕು. ಗೋಡೆಯ ಪ್ಲಗ್ಗಿನಲ್ಲಿ ವ್ಯಾಟ್‌ಮೀಟರ್ ಇಟ್ಟು ಅಳೆಯುವವರು ಎಸ್‌ಎಂಪಿಎಸ್‌ನಲ್ಲಿಯೇ ಆಗುವ ನಷ್ಟದ ಪಾಲನ್ನು ಕಳೆಯಬೇಕು: ಮೀಟರು 350 ತೋರಿಸಿ ದಕ್ಷತೆ ಶೇ. 85 ಇದ್ದರೆ ಒಳಗೆ ತಲುಪುತ್ತಿರುವುದು ಸುಮಾರು 298 ವ್ಯಾಟ್. ಡಬ್ಬದ ಮೇಲಿನ 80 ಪ್ಲಸ್ ಮುದ್ರೆ ಹೇಳುವುದು ಈ ದಕ್ಷತೆಯನ್ನೇ ಹೊರತು ಬಾಳಿಕೆಯನ್ನಲ್ಲ.

ನಾಲ್ಕನೆಯ ಉತ್ತರ

ಒಂದು ಎಚ್ಚರಿಕೆ ಬಿಟ್ಟುಹೋಗಿದೆ. ಮಾಡ್ಯುಲರ್ (ಕೇಬಲ್ಲುಗಳನ್ನು ಬಿಚ್ಚಿ ಜೋಡಿಸಬಹುದಾದ) ಎಸ್‌ಎಂಪಿಎಸ್ ತಂದರೆ ಅದರ ಜೊತೆ ಬಂದ ಕೇಬಲ್ಲುಗಳನ್ನೇ ಬಳಸಿ. ಕಾರ್ಡಿನ ಕಡೆಯ ತುದಿ ಎಲ್ಲ ಕಂಪನಿಗಳದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂತಹ ಏಕರೂಪದ ನಿಯಮವಿಲ್ಲ. ಬೇರೆ ಘಟಕದ ಕೇಬಲ್ ಸಲೀಸಾಗಿ ಕೂತುಕೊಂಡರೂ ನೆಲತಂತಿಯ ಜಾಗದಲ್ಲಿ 12 ವೋಲ್ಟ್ ಬಂದು ಕಾರ್ಡು ಸುಟ್ಟುಹೋಗಬಹುದು. ಕಂಪನಿಯೇ ಜೋಡಿಸಿ ಮಾರುವ ಕಂಪ್ಯೂಟರ್ ಇರುವವರು, ತಮ್ಮ ಮದರ್‌ಬೋರ್ಡಿನಲ್ಲಿ ಸಾಮಾನ್ಯ 24 ಪಿನ್ನಿನ ಸಾಕೆಟ್ ಇದೆಯೇ ಎಂದು ಕ್ಯಾಬಿನೆಟ್ ಬಿಚ್ಚಿ ನೋಡಿಕೊಂಡ ನಂತರವೇ ಹೊಸದನ್ನು ಕೊಳ್ಳಲಿ.